ಆಕಾಶ ನೋಡುವ ಡಬ್ಬಿ

ಏಪ್ರಿಲ್ 9, 2008, ಬುಧವಾರ

ನಿವೃತ್ತಿಯ ದಿನ ಕಚೇರಿಯವರು ಒಂದು ಶಾಲು, ಒಂದು ಗೋಡೆ ಗಡಿಯಾರ, ಈ ಡೈರಿ ಕೊಟ್ಟರು. ಮಾರ್ಚ್ ಕೊನೆಯಲ್ಲಿ ಇದೇ ವರ್ಷದ ಡೈರಿ ಕೊಟ್ಟರೆ ಮೊದಲ ಮೂರು ತಿಂಗಳ ಹಾಳೆಗಳನ್ನು ಏನು ಮಾಡಬೇಕೋ ಅವರೇ ಹೇಳಬೇಕು. ಮೂವತ್ತಮೂರು ವರ್ಷ ಕಲ್ಕತ್ತೆಯ ನಕ್ಷೆ ಕಚೇರಿಯಲ್ಲಿ ಮಸಿ ಪೆನ್ನು ಹಿಡಿದು ಗೆರೆ ಎಳೆದವನಿಗೆ ಗೆರೆ ಎಳೆದ ಪುಸ್ತಕವನ್ನೇ ಕೊಟ್ಟಿದ್ದಾರೆ. ಇರಲಿ, ಬರೆಯೋಣ. ಯಾರೂ ಓದುವ ಭಯವಿಲ್ಲ. ನನ್ನ ಅಕ್ಷರವನ್ನು ಹೆಂಡತಿ ಸಾವಿತ್ರಿ ಇರುವೆ ಸಾಲು ಎನ್ನುತ್ತಾಳೆ.

ಇವತ್ತಿನ ವಿಶೇಷವೆಂದರೆ ಕೆಲಸ ಸಿಕ್ಕಿತು. ಮಗಳು ವರ್ಷಿಣಿ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ನಕ್ಷೆ ಮಾಡುವ ಕಂಪನಿಯಲ್ಲಿದ್ದಾಳೆ. ಜಿಪಿಎಸ್ ಎಂಬ ಅಂಗೈಯಗಲದ ಡಬ್ಬಿಯನ್ನು ಮೋಟಾರ್ ಸೈಕಲ್‌ಗೆ ಕಟ್ಟಿಕೊಂಡು ಗಲ್ಲಿ ಗಲ್ಲಿ ಸುತ್ತಬೇಕಂತೆ. ಹೋದ ದಾರಿಯನ್ನು ಅದೇ ಗೆರೆ ಎಳೆದುಕೊಳ್ಳುತ್ತದೆ. ನಮ್ಮ ಬಡಾವಣೆ ಬೆಹಾಲಾದ ನಕ್ಷೆ ಹಾಳೆಗೆ ಜನ ಸಿಗುತ್ತಿಲ್ಲವೆಂದಳು. ಬೆಹಾಲಾದ ಹಾಳೆಯನ್ನು 1983ರಲ್ಲಿ ಕೈಯಲ್ಲಿ ಬರೆದವನು ನಾನು. ಬೇರೆ ಯಾರೋ ಬಂದು ತಿದ್ದುವುದಕ್ಕಿಂತ ನಾನೇ ತಿದ್ದುತ್ತೇನೆ ಎಂದೆ. ಮೇ ಕೊನೆಯೊಳಗೆ ಮುಗಿಸಬೇಕು.

ನನಗೂ ಅದೇ ಗಡುವು. ಜೂನ್‌ನಲ್ಲಿ ಕ್ವಾರ್ಟರ್ಸ್ ಬಿಟ್ಟು ಫ್ಲ್ಯಾಟಿಗೆ ಹೋಗುತ್ತೇವೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಜೂನ್ ಒಂದರಂದು ನಮ್ಮ ಯೆಜ್ಡಿಯನ್ನು ರಾಜೇಶನಿಗೆ ಒಪ್ಪಿಸಬೇಕು. ಅವನು ಉಡುಪಿಯವನು, ಬಿಬಿಡಿ ಬಾಗ್ ಹಿಂದೆ ಊಟದ ಹೋಟೆಲ್ ಇಟ್ಟಿದ್ದಾನೆ. ನಾನು ಹರಿಹರದವನು, ಸಾವಿತ್ರಿ ಧಾರವಾಡದವಳು, ಗಾಡಿ ಮೈಸೂರಿನದು. ಇಪ್ಪತ್ತೆಂಟು ವರ್ಷ ಮೂವರೂ ಇಲ್ಲಿ ಒಟ್ಟಿಗೆ ಇದ್ದೆವು. ಗಾಡಿ ಹೋಗುವ ಮೊದಲು ಸಾವಿತ್ರಿ ಒಮ್ಮೆ ಹಿಂದೆ ಕೂತರೆ ಸಾಕು ನನಗೆ. ಅವಳು ಕೂತು ಹದಿನಾಲ್ಕು ವರ್ಷವಾಯಿತು. ಇದನ್ನು ಕೇಳುವ ಮುಖ ನನಗಿಲ್ಲ, ಇಲ್ಲಿ ಬರೆದಿಡುತ್ತೇನೆ.

ಏಪ್ರಿಲ್ 12, ಶನಿವಾರ

ಡಬ್ಬಿ ಬಂತು. ಅದರ ಜೊತೆ ಬಂದ ಹಿಡಿಕೆಯ ತುದಿಯಲ್ಲಿ ರಬ್ಬರ್ ಬಟ್ಟಲು. ಒತ್ತಿದರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಗಾಜೆಲ್ಲಿದೆ?

“ಅಪ್ಪ, ಇದು ಕಾರ್‌ದು. ಬೈಕ್‌ಗೆ ಆಫೀಸ್‌ನಲ್ಲಿ ಏನೂ ಕೊಡಲಿಲ್ಲ. ನೀವು ಮ್ಯಾನೇಜ್ ಮಾಡ್ತೀರಲ್ಲ? ಪ್ಲೀಸ್, ನಾ?” ಎಂದಳು ವರ್ಷಿಣಿ.

ಪೆಟ್ರೋಲ್ ಟ್ಯಾಂಕ್ ಮೇಲೆ ಒತ್ತಿದೆ. ಚೆನ್ನಾಗಿಯೇ ಕಚ್ಚಿತು. ಬಿಸಿಲಿಗೆ ಟ್ಯಾಂಕ್ ಕಾದು, ಮಾರ್ಕೆಟ್ ಬರುವಷ್ಟರಲ್ಲಿ ಬಟ್ಟಲು ಸಡಿಲವಾಗಿ ಡಬ್ಬಿ ನನ್ನ ತೊಡೆಯ ಮೇಲೆ ಬಂದು ಕೂತಿತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಮನೆ ಸೇರಿದೆ. ಟ್ರಾಮ್ ಡಿಪೋ ಕಡೆ ಗದ್ದಲವೆಂದು ಮಿಠಾಯಿ ಅಂಗಡಿಯ ಗಲ್ಲಿಯಿಂದ ಸುತ್ತಿ ಬಂದೆ.

ಸಾವಿತ್ರಿ ಬಾಗಿಲಲ್ಲಿ ನಿಂತು ನೋಡಿದಳು. “ಕೂಸಿನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಬಂದೀರಿ,” ಎಂದಳು.

ಏಪ್ರಿಲ್ 16, ಬುಧವಾರ

ಬಂಗಾಳಿ ಹೊಸ ವರ್ಷಕ್ಕೆ ಮುಚ್ಚಿದ್ದ ನರಹರಿದಾ ಇವತ್ತು ಲೇತ್ ಅಂಗಡಿ ತೆಗೆದ. ನನಗೂ ಅವನಿಗೂ ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ ಮೂವತ್ತು ವರ್ಷದ ಸ್ನೇಹ. ಮೊದಲು ಹಬ್ಬದ ಸಂದೇಶ್ ಮಿಠಾಯಿ ತಿನ್ನಿಸಿದ, ಆಮೇಲೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹ್ಯಾಂಡಲ್‌ಗೆ ಅಪ್ಪುವಂಥ ಕ್ಲ್ಯಾಂಪ್, ಅದರ ಮೇಲೆ ಒಂದು ತಗಡಿನ ತೊಟ್ಟಿಲು. ಎರಡು ಬೋಲ್ಟು, ನಾಲ್ಕು ವಾಷರ್.

“ದಾದಾ, ಗಟ್ಟಿ ಕೂರಿಸುವುದು ಸುಲಭ. ಅಲುಗದಂತೆ ಕೂರಿಸುವುದು ಬೇರೆ ವಿದ್ಯೆ,” ಎಂದ. ದೊಡ್ಡ ಮಾತು ಎಂದುಕೊಂಡೆ. ಸಂಜೆ ಹೊತ್ತಿಗೆ ಅವನೇ ಸರಿ. ಡಬ್ಬಿ ಗಡಗಡ ನಡುಗಿ ಐದು ಸಲ ತಾನೇ ಆರಿಹೋಯಿತು. ನಾನೂ ನಡುಗುತ್ತೇನೆ, ಆರಿಹೋಗುವುದಿಲ್ಲವಲ್ಲ!

ಏಪ್ರಿಲ್ 19, ಶನಿವಾರ

ಕ್ಲ್ಯಾಂಪಿಗೂ ಹ್ಯಾಂಡಲ್‌ಗೂ ನಡುವೆ ಮೆತ್ತಗಿನದೇನಾದರೂ ಬೇಕಿತ್ತು. ಸೈಕಲ್ ಟ್ಯೂಬ್ ತುಂಡು ಜಾರುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಗೊಣಗುತ್ತಿದ್ದಾಗ ಸಾವಿತ್ರಿ ಡ್ರಾಯರ್ ಎಳೆದು ಕುಕ್ಕರಿನ ಹಳೆಯ ರಬ್ಬರ್ ಉಂಗುರ ಕೊಟ್ಟಳು. “ಸೀಟಿ ಹೊಡೆಯೂ ತನಕ ಉಗಿ ತಡಕೊಂಡದ್ದು ನಿಮ್ಮ ಗಾಡಿ ತಡಕೊಳ್ಳಂಗಿಲ್ಲೇನು?” ಕತ್ತರಿಸಿ ಎರಡು ಸುತ್ತು ಸುತ್ತಿದೆ. ನಡುಕ ಅರ್ಧಕ್ಕಿಳಿಯಿತು. ಮೂರು ಗಂಟೆ ಓಡಿಸಿದರೂ ಡಬ್ಬಿ ಒಮ್ಮೆಯೂ ಆರಲಿಲ್ಲ.

ಖುಷಿಯಲ್ಲಿ ಹಳೆಯ ಹಾಳೆ ತೆಗೆದು ಹರವಿದೆ. ಅದನ್ನು ಬರೆಯುವಾಗ ನಾನು ಕುರ್ಚಿ ಬಿಟ್ಟು ಎದ್ದವನಲ್ಲ. ಸರ್ವೆಯವರ ಪುಸ್ತಕ ನೋಡಿ ಬರೆಯುತ್ತಿದ್ದೆ. ಬೆಹಾಲಾದ ಗಲ್ಲಿಗಳನ್ನು ನನಗೆ ನಿಜಕ್ಕೂ ತೋರಿಸಿದವಳು ಸಾವಿತ್ರಿ. ಭಾನುವಾರ ಯೆಜ್ಡಿ ಮೇಲೆ ಹೊರಟರೆ ಹಿಂದಿನಿಂದ, ಇಲ್ಲಿ ಹೊಳ್ಳ್ರಿ, ಅಲ್ಲಿ ಹೊಳ್ಳ್ರಿ, ಈ ಓಣ್ಯಾಗ ಛಲೋ ಬದನಿಕಾಯಿ ಸಿಗ್ತಾವ ಎನ್ನುತ್ತಿದ್ದಳು. ಹೌರಾ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಿಂದ ಧಾರವಾಡದ ಜೋಳದ ಹಿಟ್ಟಿನ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ತರುತ್ತಿದ್ದೆವು. ಆಗೆಲ್ಲ ಸಂಜೆಯಾದರೆ ಕರೆಂಟ್ ಹೋಗುತ್ತಿತ್ತು. ಇಡೀ ರಸ್ತೆಗೆ ನಮ್ಮ ಗಾಡಿಯದೊಂದೇ ದೀಪ. ಅವಳ ಎಡಗೈ ನನ್ನ ಹೆಗಲ ಮೇಲೆ ಇರುತ್ತಿತ್ತು. ಮನೆಗೆ ಬಂದ ಮೇಲೆ ನನ್ನ ಅಂಗಿಯ ಎಡಭುಜದಲ್ಲಿ ಹಿಟ್ಟಿನ ಐದು ಬೆರಳು. ಎಷ್ಟು ಚೆಂದದ ದಿನಗಳವು.

ಏಪ್ರಿಲ್ 28, ಸೋಮವಾರ

ನಗೆಪಾಟಲಾದೆ. ಮೊನ್ನೆ ಸಂಜೆ ಕಾಲಬೈಶಾಖಿ ಬಂತು, ಬೈಶಾಖದ ಆ ಗಾಳಿಮಳೆ. ಡಬ್ಬಿ ನೆನೆದರೆ ಕಂಪನಿಗೆ ಏನು ಹೇಳಲಿ? ನನ್ನ ಕಚೇರಿಯ ಸ್ಟೀಲ್ ಊಟದ ಡಬ್ಬಿ ಹೇಗೂ ನಿವೃತ್ತವಾಗಿತ್ತು. ಅದರೊಳಗೆ ಜಿಪಿಎಸ್ ಇಟ್ಟು, ಸುತ್ತ ಹತ್ತಿ ತುರುಕಿ, ಮುಚ್ಚಳ ಬಿಗಿದು ತೊಟ್ಟಿಲಿಗೆ ಕಟ್ಟಿದೆ. ಏನು ಭದ್ರ! ಎರಡು ದಿನ ಎದೆಯುಬ್ಬಿಸಿ ಓಡಾಡಿದೆ.

ರಾತ್ರಿ ವರ್ಷಿಣಿ ಕಂಪ್ಯೂಟರಿಗೆ ಜೋಡಿಸಿದರೆ ಏನೂ ಇಲ್ಲ. ಒಂದು ಗೆರೆಯೂ ಇಲ್ಲ.

“ಅಪ್ಪ! ಅದಕ್ಕೆ ಸ್ಯಾಟಲೈಟ್ ಕಾಣಬೇಕು. ಸ್ಟೀಲ್ ಒಳಗೆ ಇಟ್ರೆ ಕೈಸೇ ಕಾಣತ್ತೆ?”

ಸಾವಿತ್ರಿ ಸೆರಗು ಬಾಯಿಗಿಟ್ಟು ನಕ್ಕಳು. “ಅಯ್ಯ, ಆಕಾಶ ನೋಡೂ ಡಬ್ಬಿನ್ನ ಮೊಸರನ್ನದ ಡಬ್ಬ್ಯಾಗ ಮುಚ್ಚಿಟ್ಟೀರಿ!” ಎಷ್ಟು ನಕ್ಕಳೆಂದರೆ ಕೂತುಬಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಈಗ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿದ್ದೇನೆ, ಮಳೆಗೂ ಆಯಿತು, ಆಕಾಶಕ್ಕೂ ಆಯಿತು.

ಏಪ್ರಿಲ್ 30, ಬುಧವಾರ

ಇಪ್ಪತ್ತಮೂರು ಗಲ್ಲಿ. ಡಿಪೋ ಹತ್ತಿರ ನೀರು ನಿಂತಿತ್ತು, ಸುತ್ತಿ ಹೋದೆ.

ಮೇ 4, ಭಾನುವಾರ

ಡಬ್ಬಿ ಬಿತ್ತು. ಕ್ವಾರ್ಟರ್ಸ್ ಗೇಟಿನ ಉಬ್ಬಿನ ಮೇಲೆ ಗಾಡಿ ಹಾರಿದಾಗ ಬೋಲ್ಟ್ ಕಳಚಿ, ತೊಟ್ಟಿಲು ಸಮೇತ ನೆಲಕ್ಕೆ. ಮೂಲೆ ಒಡೆದಿದೆ, ಕೆಲಸ ಮಾಡುತ್ತಿದೆ. ವಾರವಾಗಿತ್ತು ನಾನು ಬೋಲ್ಟ್ ಬಿಗಿದು. ಆದರೆ ಆ ಹೊತ್ತಿಗೆ ಯಾರಿಗೆ ಅದೆಲ್ಲ ನೆನಪಿರುತ್ತದೆ? ನರಹರಿದಾ ಆಗ ತಾನೇ ಮನೆಗೆ ಬಂದಿದ್ದ. ಅವನ ಮೇಲೆ ಹರಿಹಾಯ್ದೆ. “ನಿನ್ನ ಕ್ಲ್ಯಾಂಪ್ ಗಟ್ಟಿ ಹಿಡಿದುಕೊಂಡಿದ್ದರೆ ಯಾಕೆ ಬೀಳುತ್ತಿತ್ತು? ಗಟ್ಟಿ ಹಿಡಿದುಕೊಳ್ಳಬೇಕಿತ್ತು!”

ಚಹಾ ತಂದಿದ್ದ ಸಾವಿತ್ರಿ ಕಪ್ಪುಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮೇ 5, ಸೋಮವಾರ

ಸಾವಿತ್ರಿ ಮಾತಾಡುತ್ತಿಲ್ಲ. ಅಡುಗೆ ಬಡಿಸುತ್ತಾಳೆ. ಬೇಕೇನ್ರಿ, ಸಾಕೇನ್ರಿ, ಅಷ್ಟೇ.

ಮೇ 6, ಮಂಗಳವಾರ

ಯಾಕೆಂದು ನನಗೆ ಗೊತ್ತಿಲ್ಲವೆಂದಲ್ಲ. 1994ರ ಜುಲೈ. ಡಿಪೋ ತಿರುವಿನಲ್ಲಿ ಮಳೆಗೆ ಒದ್ದೆಯಾದ ಟ್ರಾಮ್ ಹಳಿಯೊಳಗೆ ಮುಂದಿನ ಚಕ್ರ ಸಿಕ್ಕಿತು. ನಾನು ಗಾಡಿಯ ಜೊತೆ ಒರಗಿದೆ, ಸಾವಿತ್ರಿ ಎಡಗೈ ಊರಿ ಬಿದ್ದಳು. ಮಣಿಕಟ್ಟು ಮೂರು ಕಡೆ ಮುರಿಯಿತು. ಆಸ್ಪತ್ರೆಗೆ ನನ್ನ ಸಹೋದ್ಯೋಗಿಗಳು, ಕನ್ನಡ ಸಂಘದವರು ಎಲ್ಲ ಬಂದಿದ್ದರು. ಏನಾಯಿತು ಎಂದರು. “ಗಟ್ಟಿ ಹಿಡ್ಕೋ ಅಂತ ನೂರು ಸಲ ಹೇಳಿದ್ದೆ, ಹಿಡ್ಕೊಂಡಿರಲಿಲ್ಲ,” ಎಂದೆ.

ಅವಳು ಹಿಡಿದುಕೊಂಡದ್ದು ಸಡಿಲವೇ ಇತ್ತು. ಅದು ಸುಳ್ಳೇನಲ್ಲ.

ಆ ಕೈಯಿಂದ ಅವಳಿಗೆ ರೊಟ್ಟಿ ಬಡಿಯಲಾಗುವುದಿಲ್ಲ. ಧಾರವಾಡದ ಹೆಣ್ಣುಮಗಳು ಹದಿನಾಲ್ಕು ವರ್ಷದಿಂದ ಜೋಳದ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾಳೆ. ಬಡಿಯುವ ಸದ್ದು ನಮ್ಮ ಮನೆಯಲ್ಲಿಲ್ಲ.

ಮೇ 10, ಶನಿವಾರ

ಬಸವ ಜಯಂತಿಯ ಕಾರ್ಯಕ್ರಮಕ್ಕೆ ಸಾವಿತ್ರಿ ಪ್ರತಿವರ್ಷ ಶಿವದಾರ ಹೊಸೆದು ಕೊಡುತ್ತಾಳೆ. ಲಿಂಗವನ್ನು ಕೊರಳಿಗೆ ಧರಿಸುವ ಆ ದಾರ ಈ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಎಡಗೈ ಸೋತಿರುವುದರಿಂದ ಎಳೆಗಳ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಬಲಗೈಯಲ್ಲಿ ಹೊಸೆಯುತ್ತಾಳೆ. ಈ ಸಲ ಉಳಿದ ನೂಲಿನಿಂದ ಒಂದು ಮೊಳ ದಪ್ಪ ದಾರ ಹೊಸೆದು ಗಾಡಿಯ ಹತ್ತಿರ ತಂದಳು.

“ಬೋಲ್ಟು ಸಡ್ಲಾಗೂದ ಅದರ ಗುಣ. ಸಡ್ಲಾದ್ರೂ ನೆಲಕ್ಕ ಬೀಳಬಾರದು. ಲಿಂಗದ ದಾರಕ್ಕ ಹಾಕೂ ಗಂಟು ಹಾಕ್ತೀನಿ, ಅದು ಬಿಚ್ಚಂಗಿಲ್ಲ,” ಎಂದಳು. ಡಬ್ಬಿಯ ಕುತ್ತಿಗೆಗೂ ಹ್ಯಾಂಡಲ್‌ಗೂ ಸೇರಿಸಿ ಕಟ್ಟಿದಳು. ಆರು ದಿನದ ಮೇಲೆ ಆಡಿದ ಮಾತು. ಸಾವಿತ್ರಿಯನ್ನು ಅತ್ತಿಗೆ ಎಂದೇ ಕರೆಯುವ ನರಹರಿದಾ ಎಳೆದು ನೋಡಿ, “ಬೌದಿ, ನನ್ನ ಲೇತ್ ಮುಚ್ಚಬೇಕು,” ಎಂದು ನಕ್ಕ. ಮೊನ್ನೆ ಬೈದದ್ದಕ್ಕೆ ಅವನ ಕ್ಷಮೆ ಕೇಳಿದೆ. ಬೋಲ್ಟ್ ಬಿಗಿಯದೇ ಇದ್ದವನು ನಾನೇ ಎಂದೂ ಹೇಳಿದೆ. ಸಾವಿತ್ರಿ ಅಲ್ಲೇ ಇದ್ದಳು. ನನ್ನನ್ನು ಒಂದು ಕ್ಷಣ ನೋಡಿದಳು.

ಮೇ 14, ಬುಧವಾರ

ಹಾಳೆ ಬಹುಪಾಲು ಮುಗಿಯಿತು. ಇನ್ನು ಅಲುಗುವುದಿಲ್ಲ, ಬೀಳುವುದಿಲ್ಲ, ನೆನೆಯುವುದಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಡಿಪೋ ಕಡೆ ಹೋಗಲಿಲ್ಲ.

ಮೇ 18, ಭಾನುವಾರ

ವರ್ಷಿಣಿ ಎಲ್ಲ ದಿನಗಳ ಗೆರೆಗಳನ್ನು ಒಂದರ ಮೇಲೊಂದು ಹಾಕಿ ತೋರಿಸಿದಳು. ಬೆಹಾಲಾ ಇಡೀ ಕಂಪ್ಯೂಟರಿನಲ್ಲಿ ನೀಲಿಯಾಗಿ ಹಬ್ಬಿತ್ತು. ನನ್ನ ಕೈಬರಹದ ಹಾಳೆಯಂತೆಯೇ ಇದೆ, ಅದಕ್ಕಿಂತ ಚೆನ್ನಾಗಿದೆ. ಹೆಮ್ಮೆಯಾಯಿತು. ಸಾವಿತ್ರಿಯನ್ನೂ ಕರೆದೆ.

“ಅಪ್ಪ, ಎಲ್ಲ ಓಕೆ. ಬಟ್ ಇಲ್ಲಿ ಒಂದು ಗ್ಯಾಪ್ ಇದೆ. ಡಿಪೋ ಹತ್ತಿರ,” ಎಂದು ಬೆರಳಿಟ್ಟಳು. “ನೀವು ಡೈಲಿ ಇಲ್ಲಿವರೆಗೆ ಸ್ಟ್ರೇಟ್ ಬರ್ತೀರಿ, ಆಮೇಲೆ ಗೋಲ್ ಸುತ್ತಿ ಆ ಕಡೆ ಹೋಗ್ತೀರಿ. ಹತ್ತೊಂಬತ್ತು ದಿನ, ಹತ್ತೊಂಬತ್ತು ದಿನಾನೂ. ಯಾಕೆ?”

ಹತ್ತೊಂಬತ್ತು ಗೆರೆ ಒಂದೇ ಜಾಗದಲ್ಲಿ ಬಾಗಿದ್ದವು. ಗದ್ದಲ, ನೀರು, ಬಿಸಿಲು ಎಂದು ಹೇಳಲು ಬಾಯಿ ತೆರೆದೆ. ಈ ಡೈರಿಯಲ್ಲೂ ಅದನ್ನೇ ಬರೆದಿದ್ದೇನಲ್ಲವೇ? ಹಿಂದಿನ ಪುಟ ತಿರುವಿ ಈಗ ನೋಡಿದೆ, ಬರೆದಿದ್ದೇನೆ.

ಸಾವಿತ್ರಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. “ಆಫೀಸಿಗೆ ಹೋಗಾಗೂ ಹಿಂಗ ಸುತ್ತತಿದ್ರೇನು?” ಎಂದು ಮೆಲ್ಲಗೆ ಕೇಳಿದಳು. ನಾನು ನೀರು ಕುಡಿಯಲು ಎದ್ದು ಹೋದೆ.

ಮೇ 19, ಸೋಮವಾರ

ಹೌದು, ಆಫೀಸಿಗೂ ಹಾಗೇ ಹೋಗುತ್ತಿದ್ದೆ. ಹದಿನಾಲ್ಕು ವರ್ಷ.

ಇದನ್ನು ಯಾರಿಗೂ ಹೇಳಿಲ್ಲ, ಬರೆದೂ ಇಲ್ಲ. ಆ ದಿನ ಡಿಪೋ ತಿರುವಿನ ಪಕ್ಕದ ಗಲ್ಲಿಗೆ ಹೊಸದಾಗಿ ಹೆಸರಿನ ಹಲಗೆ ಹಾಕಿದ್ದರು. ನನ್ನ ಹಾಳೆಯಲ್ಲಿ ಆ ಗಲ್ಲಿಗೆ ಹೆಸರಿರಲಿಲ್ಲ. ಸರ್ವೆಯವರು ಬರೆದುಕೊಂಡಿರಲಿಲ್ಲ, ನಾನು ಖಾಲಿ ಬಿಟ್ಟಿದ್ದೆ. ಹನ್ನೊಂದು ವರ್ಷ ನನ್ನನ್ನು ಅದು ಹಲ್ಲಿನ ಸಂದಿಯ ನಾರಿನಂತೆ ಕಾಡಿತ್ತು. ಮಳೆಯಲ್ಲಿ ಆ ಹಲಗೆ ಓದಲು ತಲೆ ತಿರುಗಿಸಿದೆ. ಹಳಿ ನೋಡಲಿಲ್ಲ. ಚಕ್ರ ಸಿಕ್ಕಿತು. ಅವಳು ಸಡಿಲ ಹಿಡಿದದ್ದರಿಂದಲ್ಲ, ನಾನು ರಸ್ತೆ ಬಿಟ್ಟು ಹಲಗೆ ನೋಡಿದ್ದರಿಂದ ಅವಳ ಕೈ ಹೋಯಿತು.

ಬರೆದಾಯಿತು. ಬರೆದದ್ದಕ್ಕೆ ಏನೂ ಹಗುರಾಗಲಿಲ್ಲ.

ಮೇ 27, ಮಂಗಳವಾರ

ಹೋಗಲಿಲ್ಲ. ಗಾಡಿ ಒರೆಸಿದೆ.

ಮೇ 30, ಶುಕ್ರವಾರ

ಊಟಕ್ಕೆ ಕೂತಾಗ ಸಾವಿತ್ರಿಯೇ ಮಾತು ತೆಗೆದಳು. “ಹುಡುಗಿ ಹಾಳ್ಯಾಗ ತೂತು ಉಳೀತಲ್ಲ. ನಾಳೆ ಹೋಗಿ ತುಂಬಿ ಬರೂಣು. ನಾ ಹಿಂದ ಕೂಡ್ತೀನಿ. ಡಬ್ಬಿ ಆಕಾಶ ನೋಡತೈತೋ ಇಲ್ಲೋ ಯಾರರ ನೋಡ್ಕೋಬೇಕಲ್ಲ.”

“ಹೂಂ,” ಎಂದೆ.

ಮೇ 31, ಶನಿವಾರ

ಬೆಳಿಗ್ಗೆ ಆರೂವರೆಗೆ ಹೊರಟೆವು. ಬೋಲ್ಟುಗಳನ್ನು ಎರಡು ಸಲ ಬಿಗಿದೆ. ಸಾವಿತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಕೂತು, ದಾರದ ಗಂಟು ಬಗ್ಗಿ ನೋಡಿ, “ನಡೀರಿ,” ಎಂದಳು. ಎಡಗೈ ನನ್ನ ಹೆಗಲ ಮೇಲೆ ಬಂತು. ಮೊದಲಿನಷ್ಟು ಭಾರವಿರಲಿಲ್ಲ. ಗಟ್ಟಿ ಹಿಡ್ಕೋ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ.

ಮಿಠಾಯಿ ಅಂಗಡಿಯ ಗಲ್ಲಿ ಬಂತು. ಕೈ ತಾನಾಗಿಯೇ ಆ ಕಡೆ ಹೊರಳಿತು. ಹೆಗಲ ಮೇಲಿನ ಬೆರಳು ಸ್ವಲ್ಪ ಒತ್ತಿದವು. ನೇರ ಹೋದೆ.

ಡಿಪೋ ತಿರುವಿನಲ್ಲಿ ಟ್ರಾಮ್ ಇನ್ನೂ ಹೊರಟಿರಲಿಲ್ಲ. ಹಳಿ ದಾಟಿ, ಪಕ್ಕಕ್ಕೆ ಗಾಡಿ ನಿಲ್ಲಿಸಿ ಇಳಿದೆ. ಹಲಗೆ ಅಲ್ಲೇ ಇತ್ತು. ತುಕ್ಕು ಹಿಡಿದು ಬಣ್ಣ ಹೋಗಿದ್ದರೂ ಓದಲು ಬರುತ್ತಿತ್ತು. ಕುಮುದಿನಿ ಲೇನ್.

“ಸಾವಿತ್ರಿ,” ಎಂದೆ. “ಅವತ್ತು ನಾನು ಇದನ್ನ ಓದ್ತಾ ಇದ್ದೆ. ರಸ್ತೆ ನೋಡ್ಲಿಲ್ಲ. ನೀನು ಗಟ್ಟಿ ಹಿಡೀಲಿಲ್ಲ ಅಂತಲ್ಲ. ತಪ್ಪು ನಂದು.”

ಅವಳು ಹಲಗೆಯನ್ನೇ ನೋಡುತ್ತಿದ್ದಳು. “ಗೊತ್ತೈತ್ರಿ.”

“ಹೆಂಗೆ ಗೊತ್ತು?”

“ನಿಮ್ಮ ಹೆಗಲ ಮ್ಯಾಲ ಕೈ ಇಟ್ಟಿದ್ನಲ್ಲ. ಹೆಗಲು ತಿರಗಿದ್ದು ತಿಳಿಯಂಗಿಲ್ಲೇನು?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ. ಕೈ ಮುರದದ್ದಕ್ಕ ನಂಗ ಸಿಟ್ಟಿರ್ಲಿಲ್ಲ. ಅಷ್ಟು ಮಂದಿ ಮುಂದ ಆಕಿ ಗಟ್ಟಿ ಹಿಡೀಲಿಲ್ಲ ಅಂದ್ರಲ್ಲ, ಆ ಸಿಟ್ಟಿಗೆ ಗಾಡಿ ಮ್ಯಾಲ ಕೂಡ್ಲಿಲ್ಲ. ಹೆದರಿಕಿಗೆ ಅಲ್ಲ.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. “ನೀವು ದಿನಾ ಸುತ್ತು ಹಾಕಿ ಹೋಗೂದು ನಂಗ ಗೊತ್ತಿರಲಿಲ್ಲ. ಗೊತ್ತಿದ್ರ ನಾನರ ಮೊದ್ಲ ಬೈದು ಮುಗಸ್ತಿದ್ದೆ.”

ನಾನು ಅತ್ತೆ. ಅರವತ್ತು ವರ್ಷದ ಗಂಡಸು ರಸ್ತೆ ಬದಿಯಲ್ಲಿ ನಿಂತು ಅತ್ತೆ. ಹಾಲಿನವನು ಸೈಕಲ್ ನಿಲ್ಲಿಸಿ, “ಕೀ ಹೋಲೋ ದಾದಾ?” ಎಂದ. ಸಾವಿತ್ರಿಯೇ ಅವನಿಗೆ, ಏನಿಲ್ಲ, ಕಣ್ಣಿಗೆ ದೂಳು ಬಿತ್ತು ಎಂದು ಹರಕು ಬಂಗಾಳಿಯಲ್ಲಿ ಹೇಳಿ ಕಳಿಸಿದಳು. ಆಮೇಲೆ ಇಬ್ಬರೂ ಅಲ್ಲೇ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದೆವು. ಗಾಡಿಯನ್ನು ಆ ಲೇನಿನೊಳಗೆ ಕೊನೆಯವರೆಗೆ ಓಡಿಸಿದೆ. ಕೊನೆಯಲ್ಲಿ ಒಂದು ಕೊಳ, ಎರಡು ಪೇರಲೆ ಮರ. ಇಷ್ಟೇ ಇದ್ದದ್ದು.

ರಾತ್ರಿ ವರ್ಷಿಣಿ ಗೆರೆ ತೆರೆದಳು. ಗ್ಯಾಪ್ ಮುಚ್ಚಿತ್ತು. ಆದರೆ ತಿರುವಿನಲ್ಲಿ ಚುಕ್ಕೆಗಳ ಒಂದು ದೊಡ್ಡ ಗೋಜಲು. “ನಿಂತ್ರೆ ಪಾಯಿಂಟ್ಸ್ ಹೀಗೆ ಒಂದೇ ಕಡೆ ಬೀಳತ್ತೆ. ಇಪ್ಪತ್ತಾರು ಮಿನಿಟ್ ನಿಂತಿದ್ದೀರಾ! ಏನು ಮಾಡಿದ್ರಿ ಅಲ್ಲಿ?”

“ಹಲಗಿ ಓದಾಕತ್ತಿದ್ವಿ,” ಎಂದಳು ಸಾವಿತ್ರಿ.

ವರ್ಷಿಣಿ ಚುಕ್ಕೆಗಳನ್ನು ಅಳಿಸಿ, ಗಲ್ಲಿಯ ಹೆಸರು ಬರೆದಳು. ಅಳಿಸುವ ಮೊದಲು ಒಂದು ಪ್ರಿಂಟ್ ಕೇಳಿ ಪಡೆದೆ. ಈ ಡೈರಿಯ ಖಾಲಿ ಪುಟಗಳಲ್ಲಿ ಇಟ್ಟಿದ್ದೇನೆ.

ಜೂನ್ 1, ಭಾನುವಾರ

ಡಬ್ಬಿಯನ್ನು ಬಿಚ್ಚಿ ಕಂಪನಿಗೆ ಕಳಿಸಿದೆವು. ಗಂಟನ್ನು ಸಾವಿತ್ರಿಯೇ ಬಿಚ್ಚಿದಳು, ತುಂಬ ಹೊತ್ತು ಹಿಡಿಯಿತು. ನಾನು ನೆರವಿಗೆ ಹೋಗಲಿಲ್ಲ. ಕ್ಲ್ಯಾಂಪ್ ಇರಲಿ ಎಂದು ರಾಜೇಶ ಕೇಳಿಕೊಂಡ, ಬಿಟ್ಟೆ. ಕುಕ್ಕರಿನ ರಬ್ಬರೂ ಅವನ ಪಾಲಿಗೆ ಹೋಯಿತು.

ಅವನ ಜೊತೆ ಅವನ ಹೆಂಡತಿ ವೈಷ್ಣವಿಯೂ ಬಂದಿದ್ದಳು, ಮದುವೆಯಾಗಿ ಮೂರು ತಿಂಗಳು. “ಗಾಡಿ ಭಾರೀ ಲಾಯ್ಕುಂಟು ಸರ್,” ಎಂದು ರಾಜೇಶ ಒದ್ದು ಶುರು ಮಾಡಿದ. ಹಿಂದೆ ಕೂತವಳಿಗೆ ಕತ್ತು ತಿರುಗಿಸಿ, “ಗಟ್ಟಿ ಹಿಡ್ಕೊ ಮಾರಾಯ್ತಿ,” ಎಂದ.

“ನೀನು ರಸ್ತೆ ನೋಡಪ್ಪ,” ಎಂದೆ. “ಅವಳು ಹಿಡ್ಕೋತಾಳೆ.”

ಪಕ್ಕದಲ್ಲಿ ನಿಂತಿದ್ದ ಸಾವಿತ್ರಿ ಸೆರಗು ಬಾಯಿಗಿಟ್ಟುಕೊಂಡಳು. ನಕ್ಕಳೋ ಅತ್ತಳೋ ನಾನು ತಿರುಗಿ ನೋಡಲಿಲ್ಲ. ಗಾಡಿ ಗೇಟಿನ ಉಬ್ಬು ನಿಧಾನ ದಾಟಿ ಬಲಕ್ಕೆ ಹೊರಳಿತು. ಆ ಎರಡು ಸೈಲೆನ್ಸರಿನ ಸದ್ದು ಬಹಳ ದೂರದವರೆಗೆ ಕೇಳುತ್ತದೆ. ಮಿಠಾಯಿ ಅಂಗಡಿಯ ಹತ್ತಿರ ತಿರುಗಲಿಲ್ಲ, ನೇರ ಡಿಪೋ ಕಡೆಗೇ ಹೋಯಿತು. ಅದೇ ಹತ್ತಿರದ ದಾರಿ.